ನಮ್ಮ ಮಾತು ನಮಗೇ ಬಾರದಾಗ



ದೀಪಾವಳಿ ರಜೆಗೆ ಹಾಸ್ಟೆಲಿನಿಂದ ತಾಂಡಕ್ಕೆ ಹೋದಾಗ ನಮ್ಮಲ್ಲಿ ಬಹಳ ಮಂದಿಗೆ ಆಗುವ ಅನುಭವ ಒಂದೇ. ಬಾಗಿಲಲ್ಲಿ ಕೂತ ಅಜ್ಜಿ ಗೋರ್ ಬೋಲಿಯಲ್ಲಿ ಏನೋ ಕೇಳುತ್ತಾಳೆ. ನಮಗೆ ಅರ್ಧ ತಿಳಿಯುತ್ತೆ, ಅರ್ಧ ತಿಳಿಯೋದಿಲ್ಲ. ಕನ್ನಡದಲ್ಲಿ ಉತ್ತರ ಕೊಡುತ್ತೇವೆ. ಅದು ಅವಳಿಗೆ ಅರ್ಧವೇ ತಿಳಿಯೋದು. ನಡುವೆ ಅವ್ವ ಕೂತು ಇಬ್ಬರಿಗೂ ಬಿಡಿಸಿ ಹೇಳಬೇಕು. ಎತ್ತಿ ಆಡಿಸಿದ ಅಜ್ಜಿಯ ಹತ್ತಿರ ಮಾತಾಡೋಕೆ ದುಭಾಷಿ ಬೇಕಾದವರು ನಾವು.

ನಮ್ಮ ಜೊತೆ ಓದಿದ ಹುಡುಗಿಯೊಬ್ಬಳ ಮದುವೆಗೆ ಹೋಗಿದ್ದೆವು. ತವರು ಬಿಡುವಾಗ ಮದುವಣಗಿತ್ತಿ ತನ್ನವರ ಕೊರಳು ತಬ್ಬಿ ಢಾವಲೋ ಹೇಳಿ ಅಳಬೇಕು. ಅದು ತಾಂಡದ ಹೆಣ್ಣುಮಕ್ಕಳು ಹುಟ್ಟಿದ ಮನೆಗೆ ಲೆಕ್ಕ ಒಪ್ಪಿಸುವ ಹಾಡು. ಅವಳಿಗೆ ಒಂದು ಸಾಲೂ ಬರಲಿಲ್ಲ. ಮುದುಕಿಯರು ಅವಳ ಪರವಾಗಿ ಹೇಳಿದರು, ಅವಳು ಬರೀ ಅತ್ತಳು. ಯಾರೋ ಹಿಂದಿನಿಂದ, 'ಓದಿ ಕೆಟ್ಟವು ಇವು' ಅಂದರು. ನಾವು ತಲೆ ತಗ್ಗಿಸಿ ನಿಂತೆವು.

ಆವತ್ತು ತಲೆ ತಗ್ಗಿಸಿದ್ದು ಸರಿಯೇ? ಈಗ ಕೇಳಿಕೊಳ್ಳುತ್ತಿದ್ದೇವೆ.

ಈ ಮಾತು ನಾವು ಬೇಕಂತ ಬಿಟ್ಟದ್ದಲ್ಲ. ಒಂದನೇ ಕ್ಲಾಸಿನಲ್ಲಿ ಬಾಯಾರಿ 'ಪಾಣಿ' ಅಂದಾಗ ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಮಾರನೇ ದಿನದಿಂದ ಬಾಯಾರಿದರೂ ಸುಮ್ಮನೆ ಕೂತೆವು. ಬಸ್ಸಿನಲ್ಲಿ ನಾವು ಜೋರಾಗಿ ನಮ್ಮ ಮಾತಾಡಿದರೆ ಅಪ್ಪನೇ ಕಣ್ಣು ಬಿಡುತ್ತಿದ್ದ. ಅಪ್ಪನಿಗೇಕೆ ಅಷ್ಟು ಹೆದರಿಕೆ? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದು, ಹುಟ್ಟಿನಿಂದಲೇ ಕಳ್ಳರು ಅಂತ ಜಾತಿ ಜಾತಿಗಳನ್ನೇ ಪಟ್ಟಿ ಮಾಡಿದರು. ಹಲವು ಕಡೆ ಕೊರಚರೂ ಲಂಬಾಣಿಗಳೂ ಆ ಪಟ್ಟಿಯಲ್ಲಿದ್ದರು. 1952ರಲ್ಲಿ ಆ ಕಾಯಿದೆ ಹೋಯಿತು, ಸಂಶಯ ಹೋಗಲಿಲ್ಲ. ಪೊಲೀಸನಿಗೆ ತಿಳಿಯದ ಮಾತು ಅವನ ಕಣ್ಣಿಗೆ ಕಳ್ಳರ ಮಾತು. ನಮ್ಮ ಪಕ್ಕದ ಮಂಚದ ಕೊರಚರ ಗೆಳೆಯ ಮೂರು ವರ್ಷ ನಮ್ಮ ಜೊತೆ ಉಂಡು ಮಲಗಿದರೂ, ತನ್ನ ಮನೆಯಲ್ಲಿ ಕುಳು ಮಾತಾಡುತ್ತಾರೆ ಅಂತ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಕೋಲಾರದ ಕಡೆಯ ಮಾದಿಗರ ಹುಡುಗ ಮನೆಯ ತೆಲುಗನ್ನು ಹಂಗೇ ನುಂಗಿಕೊಂಡಿದ್ದ. ಒಂದೇ ಕೋಣೆಯಲ್ಲಿ ಮೂರು ಮಾತು ಬಾಯಿ ಮುಚ್ಚಿಕೊಂಡು ಮಲಗಿದ್ದವು!

ಸರ್ಕಾರದ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ನಮ್ಮ ಮಾತು ಅಂತ ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಮೇಲು. ಅಷ್ಟೂ ಜನರನ್ನು ಎತ್ತಿ ಹಿಂದಿಯ ಲೆಕ್ಕಕ್ಕೆ ಹಾಕಿದರು. ಹಿಂದಿ ಬಾರದ ನಮ್ಮ ಅಜ್ಜಿ ಕಾಗದದಲ್ಲಿ ಹಿಂದಿಯವಳು! ಸಂವಿಧಾನದ 350ಎ ವಿಧಿ 1956ರಿಂದಲೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಮಾತಿನಲ್ಲಿ ಕಲಿಸುವ ಅನುಕೂಲ ಮಾಡಿಕೊಡಲು ಯತ್ನಿಸಬೇಕು ಅಂತ ಅದು ರಾಜ್ಯಗಳಿಗೆ ಹೇಳುತ್ತದೆ. ನಾವು ಓದಿದ ಶಾಲೆಯಲ್ಲಿ ಆ ಯತ್ನದ ನೆರಳೂ ಕಾಣಲಿಲ್ಲ.

ಕೆಲವು ಗೆಳೆಯರು ಕೇಳುತ್ತಾರೆ: ಈ ಮಾತು ಹೊಟ್ಟೆಗೆ ಹಾಕುತ್ತಾ? ಕನ್ನಡ ಇಲ್ಲದೆ ಅರ್ಜಿ ಇಲ್ಲ, ಇಂಗ್ಲಿಷ್ ಇಲ್ಲದೆ ನೌಕರಿ ಇಲ್ಲ. ಒಪ್ಪುತ್ತೇವೆ. ಕನ್ನಡ ಯಾರೂ ನಮಗೆ ಕೊಟ್ಟ ಭಿಕ್ಷೆ ಅಲ್ಲ, ಅದೂ ನಮ್ಮದೇ. ಇಂಗ್ಲಿಷನ್ನೂ ಬಿಡಬೇಕಿಲ್ಲ. ಬಾಬಾಸಾಹೇಬರು ಲೋಕದ ಜೊತೆ ವಾದ ಮಾಡಲು ಇಂಗ್ಲಿಷಿನಲ್ಲಿ ಬರೆದರು. ತಮ್ಮ ಜನರ ಜೊತೆ ಮಾತಾಡಲು 1920ರಲ್ಲಿ 'ಮೂಕನಾಯಕ'ವನ್ನೂ 1927ರಲ್ಲಿ 'ಬಹಿಷ್ಕೃತ ಭಾರತ'ವನ್ನೂ ಮರಾಠಿಯಲ್ಲಿ ತಂದರು. ಒಂದನ್ನು ಕಲಿಯಲು ಇನ್ನೊಂದನ್ನು ಕೊಲ್ಲಲಿಲ್ಲ.

ತಾಂಡದ ಹಿರಿಯರಿಗೂ ಒಂದು ಮಾತು. ಬೋಲಿ ಬಾರದವನು ಗೋರ್ ಅಲ್ಲ ಅನ್ನಬೇಡಿ. ನೀವು ಕಬ್ಬು ಕಡಿಯಲು ಗಡಿ ದಾಟಿ ಹೋದಾಗ, ಓದಲಿ ಅಂತ ನಮ್ಮನ್ನು ಹಾಸ್ಟೆಲಿಗೆ ಬಿಟ್ಟವರು ನೀವೇ. ಅದಕ್ಕೆ ನಾವು ಋಣಿಗಳು. ಆದರೆ ಹಂಗೆ ಓದಲು ಹೋಗಿ ಕಳಕೊಂಡದ್ದಕ್ಕೆ ನಮ್ಮನ್ನೇ ಹಂಗಿಸಿದರೆ ಹೇಗೆ? 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಭಾಷೆಯನ್ನು ದೊಣ್ಣೆ ಮಾಡಿದರೆ ಅದು ಯಾರ ಬೆನ್ನಿಗೆ ಬೀಳುತ್ತೆ ಅಂತ ನಮಗೆ ಗೊತ್ತು. ಆ ದೊಣ್ಣೆಯನ್ನು ನಮ್ಮ ನಮ್ಮಲ್ಲೇ ಬೀಸುವುದು ಬೇಡ.

ಹಾಗಾದರೆ ಮಾಡುವುದೇನು? ದೊಡ್ಡ ಮಾತು ಬೇಡ. ಗೋರ್ ಬೋಲಿಗೆ ಸ್ವಂತ ಲಿಪಿ ಇಲ್ಲ ಅಂತ ಅಳುತ್ತಾ ಕೂರುವುದೂ ಬೇಡ. ಇಲ್ಲಿ ಕನ್ನಡದಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಬರೆದ ಕಾಗದ ಗಡಿಯಲ್ಲಿ ನಿಂತರೂ ಆಡಿದ ಮಾತು ಗಡಿ ದಾಟುತ್ತೆ. ಈ ರಜೆಗೆ ಹೋಗುವಾಗ ಒಂದು ನೋಟುಬುಕ್ಕು ಹಿಡಿದುಕೊಂಡು ಹೋಗೋಣ. ಅಜ್ಜಿಯ ಹತ್ತಿರ ಕೂತು ದಿನಕ್ಕೆ ಹತ್ತು ಮಾತು ಬರೆದುಕೊಳ್ಳೋಣ. ತಪ್ಪು ಮಾತಾಡಿ ನಗಿಸೋಣ, ಆ ನಗುವಿನಲ್ಲಿ ಅವಮಾನ ಇಲ್ಲ. ಗಣತಿಯವರು ಬಂದಾಗ ಮನೆಮಾತು ಯಾವುದು ಅಂತ ಸರಿಯಾಗಿ ಬರೆಸೋಣ. ತಾಂಡದ ಶಾಲೆಗೆ ಮಕ್ಕಳ ಮಾತು ಬಲ್ಲ ಒಬ್ಬ ಮೇಷ್ಟ್ರು ಬೇಕು ಅಂತ ಸಭೆಗಳಲ್ಲಿ ಕೇಳೋಣ. ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗ ತನ್ನ ಮಾತಿನಲ್ಲಿ ನೀರು ಕೇಳಿದರೆ, ಯಾವ ಮಾತೇ ಆಗಿರಲಿ, ನಗದೆ ನೀರು ಕೊಡೋಣ.

ಅಜ್ಜಿಗೆ ವಯಸ್ಸಾಗಿದೆ. ನಮಗೆ ಇರುವುದು ಕೆಲವೇ ರಜೆಗಳು.