ಮಲಿಕ್-ಎ-ಮೈದಾನಕ್ಕೆ 150 ರೂಪಾಯಿ. ಕಚೇರಿಯ ಹಳೇ ಕುರ್ಚಿಗೆ ಎಷ್ಟು?

ವಿಜಾಪುರದ ಮಲಿಕ್-ಎ-ಮೈದಾನ ತೋಪು ಒಮ್ಮೆ ಲಿಲಾವಿಗೆ ಬಂದಿತ್ತು ಎಂದರೆ ಇಂದು ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ನಿಜ. 1854ನೇ ಇಸವಿ. ಸಾತಾರಾ ಸಂಸ್ಥಾನದ ಜೊತೆಗೆ ವಿಜಾಪುರವೂ ಇಂಗ್ರೇಜರ ಕೈಸೇರಿ ಕೆಲವೇ ವರ್ಷಗಳಾಗಿದ್ದವು. ಉಪಯೋಗಕ್ಕೆ ಬಾರದ ಹಳೇ ಸಾಮಾನು ಮಾರಿ ಹಾಕಿರಿ ಎಂದು ಮೇಲಿನಿಂದ ಹುಕುಂ ಬಂತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪಿಗೆ ಬಂದ ದೊಡ್ಡ ಸವಾಲು ಎಷ್ಟು ಗೊತ್ತೇ? ಬರೀ 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತು, ಜನರಿಗೂ ಇದರ ಮೇಲೆ ಭಕ್ತಿ ಇದೆ ಎಂದು ಮಾಮಲೇದಾರ ಮೇಲಧಿಕಾರಿಗೆ ತಿಳಿಸಿದ. ಮಾರಾಟ ರದ್ದಾಯಿತು. ಆತ ಕಣ್ಣು ಮುಚ್ಚಿ ಸಹಿ ಹಾಕಿದ್ದರೆ ಶೆರ್ಜಾ ಬುರುಜಿನ ಮೇಲೆ ಇಂದು ನೋಡಲು ಏನೂ ಉಳಿಯುತ್ತಿರಲಿಲ್ಲ.

ಹಳೇ ಕಥೆ ಈಗ್ಯಾಕ್ರೀ ಅಂತ ಕೇಳಬಹುದು. ತೋಪನ್ನು ಲಿಲಾವಿಗೆ ತಂದ ಪದ್ಧತಿ ಇನ್ನೂ ಹೋಗಿಲ್ಲ, ಅದಕ್ಕೇ.

ಪ್ರತಿ ಸರಕಾರಿ ಕಚೇರಿಯಲ್ಲೂ ಸಾಮಾನಿನ ರಜಿಸ್ಟರ್ ಇರುತ್ತದೆ. ನಮ್ಮ ಕಡೆ ಅದಕ್ಕೆ ಡೆಡ್‌ಸ್ಟಾಕ್ ಅನ್ನುತ್ತಾರೆ. ಕುರ್ಚಿ ಇಷ್ಟು, ಮೇಜು ಇಷ್ಟು, ಕಪಾಟು ಇಷ್ಟು ಎಂದು ಲೆಕ್ಕ. ಕುರ್ಚಿ ಸಾಗವಾನಿಯದೋ, ಪ್ಲಾಸ್ಟಿಕ್ಕಿನದೋ, ಹೋದ ವರ್ಷದ್ದೋ, ಮುಂಬಯಿ ಸರಕಾರದ ಕಾಲದ್ದೋ, ಈ ವಿವರ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಬೆತ್ತ ಹರಿದರೆ 'ನಿರುಪಯೋಗಿ' ಎಂಬ ಷರಾ. ಆಮೇಲೆ ಮಂಜೂರಿ, ಆಮೇಲೆ ಲಿಲಾವು, ಕೊನೆಗೆ ಗುಜರಿ. ಇದರಲ್ಲಿ ಕಳ್ಳತನ ಇಲ್ಲ, ಎಲ್ಲವೂ ಕಾಯದೆ ಪ್ರಕಾರವೇ. ಗುಮಾಸ್ತನದೂ ತಪ್ಪಲ್ಲ. ರಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲದಿದ್ದರೆ ಆತ ಏನು ಬರೆದಾನು?

ಕಟ್ಟಡ ಉಳಿದರೂ ಒಳಗಿನದು ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗ ಅರಕಿಲ್ಲೆಯ ಹಳೇ ಮಹಲುಗಳೇ ಸರಕಾರಿ ಬಳಕೆಗೆ ಬಂದವು. ಒಂದು ಮಸೀದಿಯಲ್ಲಿ ಪೋಸ್ಟ್ ಆಫೀಸು, ಗೋಳಗುಮ್ಮಟದ ಮಸೀದಿಯಲ್ಲಿ ಪ್ರವಾಸಿ ಬಂಗಲೆ! 1900ರಲ್ಲಿ ವೈಸರಾಯ್ ಕರ್ಜನ್ ಬಂದು ನೋಡಿದ ಮೇಲೆಯೇ ಅವನ್ನು ತೆರವು ಮಾಡಿಸಿದ್ದು. ಚೀನಿ ಮಹಲಿಗೆ ಆ ಹೆಸರು ಅಲ್ಲಿ ಸಿಕ್ಕ ಪಿಂಗಾಣಿ ಚೂರುಗಳಿಂದ ಬಂತು ಎನ್ನುತ್ತಾರೆ. ಪಾತ್ರೆ ಹೋಗಿ ಚೂರು ಉಳಿದವು, ಚೂರೂ ಹೋಗಿ ಹೆಸರು ಉಳಿಯಿತು.

ಅಸಾರ್ ಮಹಲನ್ನು ನೋಡಿರಿ. ಮುಹಮ್ಮದ್ ಆದಿಲಶಾಹ 1646ರ ಸುಮಾರಿಗೆ ನ್ಯಾಯದಾನಕ್ಕೆಂದು ಕಟ್ಟಿಸಿದ್ದು. ಅಂದರೆ ಆಗಿನ ಸರಕಾರಿ ಕಟ್ಟಡವೇ. ಅದರೊಳಗಿನ ಸಾಮಾನು ಮೂರು ದಾರಿ ಹಿಡಿಯಿತು. ಗ್ರಂಥಗಳು 1853ರಲ್ಲಿ ಲಂಡನ್ನಿಗೆ ಹೋದವು; ಕೆಡದೆ ಉಳಿದವು ನಿಜ, ಆದರೆ ನಮ್ಮ ಮಕ್ಕಳು ನೋಡಬೇಕೆಂದರೆ ವಿಮಾನ ಹತ್ತಬೇಕು. ರತ್ನಗಂಬಳಿಗಳು ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಬಂದವು. ಸಿಂದಗಿ ಬಸ್ ಹತ್ತಿದವರೂ ಹೋಗಿ ನೋಡಬಹುದು. ಗೋಡೆಯ ಮೇಲಿನ ಚಿತ್ರಗಳನ್ನು ಎತ್ತಿ ಒಯ್ಯಲು ಬರುವುದಿಲ್ಲ. ಅವು ಅಲ್ಲೇ ಉಳಿದು ಬಹಳಷ್ಟು ಮಸುಕಾದವು. ಊರಲ್ಲೇ ಇಟ್ಟು ಕಾಪಾಡಿದ್ದು ಎರಡನೆಯ ದಾರಿಯೊಂದೇ. ಆ ಸಂಗ್ರಹಾಲಯ 1892ರಿಂದ ಇದೆ ಎಂಬುದು ನಮ್ಮ ಭಾಗ್ಯ.

ಅರಸರ ಕಾಲದ್ದನ್ನೇ ಉಳಿಸಬೇಕು, ಕಚೇರಿ ಕುರ್ಚಿ ಯಾವ ಲೆಕ್ಕ ಅನ್ನುವವರಿಗೆ ಚಂಡೀಗಢದ ಸಂಗತಿ ಹೇಳಬೇಕು. ಅಲ್ಲಿಯ ಕಚೇರಿ, ಕಾಲೇಜುಗಳಿಗೆಂದು 1950ರ ದಶಕದಿಂದ ಪಿಯೆರ್ ಜಾನ್ನೆರೆ ಎಂಬಾತನ ಮಾದರಿಯ ಸಾಗವಾನಿ ಕುರ್ಚಿ ಮಾಡಿಸಿದ್ದರು. ಮುರಿದವೆಂದು ಅವನ್ನು ಗುಜರಿ ದರಕ್ಕೆ ಲಿಲಾವು ಮಾಡಿದರು. ಕೊಂಡವರು ಪಾಲಿಶ್ ಹಾಕಿ ಯುರೋಪು, ಅಮೆರಿಕಗಳಿಗೆ ಸಾಗಿಸಿದರು. ಅಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವನ್ನು ಮಾರಕೂಡದೆಂದು ಆಜ್ಞೆ ಮಾಡಿತು. ಅಷ್ಟರಲ್ಲಿ ಎಷ್ಟೋ ಹೋಗಿದ್ದವು. ಹೊರದೇಶದಲ್ಲಿ ತಡೆಯೋಣವೆಂದರೆ ಕಾಯದೆಯ ಬಲ ಸಾಲದು. 1972ರ ಪ್ರಾಚ್ಯವಸ್ತು ಕಾಯದೆ ಹಿಡಿಯುವುದು ಸಾಮಾನ್ಯವಾಗಿ 100 ವರ್ಷ ದಾಟಿದ ವಸ್ತುಗಳನ್ನು, ಹಸ್ತಪ್ರತಿಯಾದರೆ 75. ಇನ್ನೂ ನೂರಾಗದ ಸಾಮಾನು ಆ ಬಲೆಯಿಂದ ಜಾರಿಹೋಗುತ್ತದೆ. ನಮ್ಮಲ್ಲಿ ಉಳಿದಿರಬಹುದಾದ ಸಾಮಾನಿಗೂ ಅದೇ ತೊಡಕು.

ಸಿಂದಗಿ ಸೀಮೆ 1956ರವರೆಗೆ ಮುಂಬಯಿ ಸರಕಾರದ ಕೆಳಗಿತ್ತು. ಮೋರಟಗಿ ದಾಟಿ ಜೇವರ್ಗಿ ಕಡೆ ಹೊರಟರೆ ನಿಜಾಮನ ಸೀಮೆ. ಆ ಕಾಲದ ಕಬ್ಬಿಣದ ತಿಜೋರಿ, ಗೋಡೆ ಗಡಿಯಾರ, ಕೈಯಿಂದ ಬರೆದ ನಕಾಶೆ, ಚಾವಡಿಯ ಗಂಟೆ, ಶಾಲೆಯ ಉದ್ದನೆ ಬಾಕು ಎಲ್ಲೆಲ್ಲಿ ಉಳಿದಿವೆಯೋ ಅವೇ ಆ ದಿನಗಳಿಗೆ ಸಾಕ್ಷಿ. ಇತ್ತೀಚೆಗೆ ದೇವರಹಿಪ್ಪರಗಿ, ಆಲಮೇಲ ಹೊಸ ತಾಲೂಕುಗಳಾಗಿವೆ. ತಾಲೂಕು ಒಡೆದಾಗ, ಕಚೇರಿ ಬದಲಾದಾಗ, ಹಳೇ ಶಾಲೆ ಕೆಡವಿದಾಗಲೇ ಇಂಥ ಸಾಮಾನು ದಿಕ್ಕಾಪಾಲಾಗುವುದು.

ಮಾಳಿಗೆ ಸೋರುವ ಶಾಲೆಗೆ ರೊಕ್ಕ ಇಲ್ಲ, ಕುರ್ಚಿಗೆಲ್ಲಿಂದ ತರೂದು ಎಂಬ ಮಾತು ಬರುತ್ತದೆ. ಮಾತು ಸರಿ. ಆದರೆ ಇದಕ್ಕೆ ಬೇಕಾದ ರೊಕ್ಕ ಅಲ್ಪ. ರಜಿಸ್ಟರಿನಲ್ಲಿ ಒಂದು ಕಾಲಮ್ ಹೆಚ್ಚು: ಯಾವ ಕಾಲದ್ದು, ಯಾವ ಕಟ್ಟಿಗೆಯದು. ಲಿಲಾವಿಗೆ ಮುಂಚೆ ಫೋಟೋ ಸಮೇತ ಯಾದಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಬೇಕು. ಹಳೇದು ಕಂಡರೆ ಪ್ರಾಚ್ಯವಸ್ತು ಇಲಾಖೆಯವರಿಗೆ ಒಂದು ಪತ್ರ. ಸಾಗವಾನಿಯ ಮೇಲೆ ಆಯಿಲ್ ಪೇಂಟ್ ಬಳಿಯಕೂಡದು, ಸೋರುವ ಕೋಣೆಯಲ್ಲಿ ಒಟ್ಟಿ ಒರಲಿಗೆ ಹಾಕಕೂಡದು. ಬೆತ್ತ ಹೆಣೆಯುವವರನ್ನು ಕರೆಸಿ ರಿಪೇರಿ ಮಾಡಿಸಿ, ಮತ್ತೆ ಕೂಡ್ರಲು ಕೊಟ್ಟರೆ ಇನ್ನೂ ಚೆಲೋ. ದಿನಾ ಬಳಸಿ ಒರೆಸುವ ಕುರ್ಚಿಗೆ ಒರಲಿ ಹತ್ತುವುದು ಕಡಿಮೆ.

ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನ ಕಾಲದ ಗಲ್ಲಾಪೆಟ್ಟಿಗೆಯನ್ನು ದೀಪಾವಳಿಗೆ ಒರೆಸಿ, ಕುಂಕುಮ ಹಚ್ಚಿ ಪೂಜೆ ಮಾಡುವವರು ನೀವು. ಅದನ್ನು ತೂಕಕ್ಕೆ ಹಾಕುತ್ತೀರೇನು? ಕಚೇರಿಯ ಸಾಮಾನೂ ಹಾಗೆಯೇ, ಊರ ಜನ ಕಟ್ಟಿದ ಕಂದಾಯದಲ್ಲಿ ಬಂದದ್ದು. ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ನಮ್ಮದು. ಇನ್ನೊಮ್ಮೆ ಕಚೇರಿಯ ಬಾಗಿಲಿಗೆ ಲಿಲಾವಿನ ನೋಟೀಸು ಕಂಡರೆ ಬಸ್ಸಿಗೆ ಹೊತ್ತಾಯಿತೆಂದು ದಾಟಿಹೋಗದೆ, ನಿಂತು ಓದಿರಿ. ಒಳಗೆ ಹೋಗಿ ಕೇಳಿರಿ. 1854ರಲ್ಲಿ ತೋಪು ಉಳಿದದ್ದು ಒಬ್ಬ ಮಾಮಲೇದಾರ ಬಾಯಿ ತೆರೆದದ್ದಕ್ಕೆ.