ಸೀಟಿ ಊದುವವರಿಗೆ ಆ ಕುರ್ಚಿ ಯಾಕಿಲ್ಲ?

ಮುಖ್ಯೋಪಾಧ್ಯಾಯರಾಗಲು ಯಾರು ಲಾಯಕ್ಕು? ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದಕ್ಕೆ ಉತ್ತರ ಸಿದ್ಧವಿದೆ: ಗಣಿತವೋ ವಿಜ್ಞಾನವೋ ಭಾಷೆಯೋ ಕಲಿಸುತ್ತ ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲೆ ಬಂದವರು. ಅದೇ ಶಾಲೆಯಲ್ಲಿ ಅಷ್ಟೇ ವರ್ಷ ಸೀಟಿ ಊದಿದ ಪಿ.ಟಿ. ಮಾಸ್ತರರು ಆ ಸಾಲಿನಲ್ಲಿ ನಿಲ್ಲುವಂತಿಲ್ಲ. ಅವರ ಬಡ್ತಿಯ ದಾರಿ ದೈಹಿಕ ಶಿಕ್ಷಣ ಪರಿವೀಕ್ಷಕರ ಹುದ್ದೆಯ ಕಡೆಗೆ ಹೋಗುತ್ತದೆ; ಅಂಥ ಹುದ್ದೆಗಳು ಬೆರಳೆಣಿಕೆಯವು. ದೈಹಿಕ ಶಿಕ್ಷಣ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಸಹ ಶಿಕ್ಷಕರೆಂದು ಪರಿಗಣಿಸಿ ಎಂದು ಅವರು ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ. ಸಂಘದವರ ಬೇಡಿಕೆ ಎಂದು ಇದನ್ನು ಪಕ್ಕಕ್ಕಿಡುವುದು ಸುಲಭ. ಆದರೆ ಇದರೊಳಗೆ ಒಂದು ದೊಡ್ಡ ಪ್ರಶ್ನೆಯಿದೆ: ಆಟ ಆಡಿ ಬಂದವರಿಗೆ ಶಾಲೆ ನಡೆಸಲು ಬರುತ್ತದೆಯೇ?

ಬರುತ್ತದೆ ಎನ್ನಲು ಇತಿಹಾಸದಲ್ಲಿ ಸಾಕ್ಷಿಯಿದೆ. ಜಿ.ಒ. ಸ್ಮಿತ್ 1893ರಿಂದ 1901ರವರೆಗೆ ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ 20 ಪಂದ್ಯ ಆಡಿದ ಸೆಂಟರ್ ಫಾರ್ವರ್ಡ್. ಆಡುತ್ತಿದ್ದಾಗಲೇ ಲಡ್‌ಗ್ರೋವ್ ಎಂಬ ಶಾಲೆಯಲ್ಲಿ ಮಾಸ್ತರಿಕೆ ಹಿಡಿದಿದ್ದರು. ಅದನ್ನು 1892ರಲ್ಲಿ ಕಟ್ಟಿದ ಆರ್ಥರ್ ಡನ್ ಕೂಡ ಇಂಗ್ಲೆಂಡ್ ಪರ ಆಡಿದವರೇ. 1902ರಲ್ಲಿ ಡನ್ ಅಕಾಲದಲ್ಲಿ ತೀರಿಕೊಂಡಾಗ ಸ್ಮಿತ್ ಮತ್ತು ಇನ್ನೊಬ್ಬ ಅಂತರರಾಷ್ಟ್ರೀಯ ಆಟಗಾರ ವಿಲಿಯಂ ಓಕ್ಲಿ ಜೊತೆಯಾಗಿ ಮುಖ್ಯೋಪಾಧ್ಯಾಯರಾದರು. ಆ ಶಾಲೆ ಇವತ್ತಿಗೂ ನಡೆಯುತ್ತಿದೆ.

ಈ ಕಥೆಗೆ ತಲೆದೂಗುವ ಮುಂಚೆ ಎರಡು ಮಾತು. ಒಂದು, ಅದು ಉಳ್ಳವರ ಮಕ್ಕಳ ಶಾಲೆ. ಸ್ಮಿತ್ ಆಕ್ಸ್‌ಫರ್ಡ್‌ನಲ್ಲಿ ಓದಿದವರು, ಚೆಂಡು ಒದ್ದು ಹೊಟ್ಟೆ ಹೊರೆಯಬೇಕಾದ ಸ್ಥಿತಿ ಅವರಿಗಿರಲಿಲ್ಲ. ಎರಡು, ಅವರನ್ನು ಆ ಕುರ್ಚಿಗೆ ಕೂರಿಸಿದ್ದು ಗೋಲುಗಳಲ್ಲ, ಅದಕ್ಕೆ ಮುಂಚೆ ತರಗತಿಯಲ್ಲಿ ಕಳೆದ ವರ್ಷಗಳು. ಹೆಸರಾಂತ ಆಟಗಾರನನ್ನು ಕರೆತಂದು ಹಾರ ಹಾಕಿ ಶಾಲೆ ಒಪ್ಪಿಸಿದರೆ ಶಾಲೆಯೂ ಕೆಡುತ್ತದೆ, ಆತನ ಮರ್ಯಾದೆಯೂ ಹೋಗುತ್ತದೆ. ನನ್ನ ವಾದ ಪದಕದ ಪರವಾಗಿಲ್ಲ.

ನಮ್ಮವರ ದಾರಿ ಬೇರೆಯಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಸಾರಂಗಪಾಣಿ ರಾಮನ್. ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಅವರೊಬ್ಬರು. ಮುಂದಿನ ತಲೆಮಾರುಗಳ ಆಟಗಾರರಿಗೆ ಬೆಂಗಳೂರಿನಲ್ಲಿ ಕೆಲಸ ಕೊಟ್ಟದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು. ಅದರಿಂದ ಅವರ ಮನೆ ನಡೆಯಿತು, ಸಂತೋಷ. ಆದರೆ ಆಟ ಕಲಿತವರ ತಿಳಿವಳಿಕೆ ಶಾಲೆಯ ಗೇಟು ದಾಟಿ ಒಳಗೆ ಬರಲಿಲ್ಲ.

ಆ ತಿಳಿವಳಿಕೆ ಎಂದರೇನು? ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಯಾವುದೇ ಹಳ್ಳಿ ಶಾಲೆ ತೆಗೆದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ. ನೀರಾವರಿ ಇಲ್ಲದ ಕಡೆ ಹತ್ತಿ ಬಿಡಿಸುವ ಕೆಲಸ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹುಡುಗ ಹೊಲದಲ್ಲಿರುತ್ತಾನೆ. ಅವನ ಮನೆಗೆ ಹೋಗಿ ಅಪ್ಪನ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿ, ಮರುದಿನ ಅವನನ್ನು ಕರೆತರುವುದು ಹೆಡ್‌ಮಾಸ್ಟರರ ಮುಖ್ಯ ಕೆಲಸಗಳಲ್ಲೊಂದು. ಬಿಸಿಯೂಟದ ಅಕ್ಕಿ, ಸೋರುವ ಕೋಣೆ, ಎಸ್‌ಡಿಎಂಸಿ ಜಗಳ ಎಲ್ಲ ಅದರ ಮೇಲಿನ ಹೊರೆ. ಯಾವ ಹುಡುಗ ಬೆಳಗ್ಗೆ ಉಪವಾಸ ಬಂದಿದ್ದಾನೆ, ಯಾವ ಹುಡುಗಿ ಕಬಡ್ಡಿ ಇದ್ದ ದಿನ ಮಾತ್ರ ತಪ್ಪದೆ ಬರುತ್ತಾಳೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಪಿ.ಟಿ. ಮಾಸ್ತರರಿಗೆ. ಪಾಠದಲ್ಲಿ ಹಿಂದಿದ್ದವನು ಅಂಗಳದಲ್ಲಿ ಕ್ಯಾಪ್ಟನ್ ಆಗಿರುವುದನ್ನು ನೋಡಿದವರು ಯಾವ ಮಗುವನ್ನೂ ‘ದಡ್ಡ’ ಎಂದು ಬದಿಗಿಡಲಾರರು.

ಅಂಗಳದ ಗತಿಯನ್ನೂ ನೋಡಿ. ಯರೆ ಮಣ್ಣು, ಮಳೆಗಾಲದಲ್ಲಿ ಕಾಲಿಗೆ ಅಂಟಿ ಹೆಜ್ಜೆ ಕೀಳಲಾಗದು, ಬೇಸಿಗೆಯಲ್ಲಿ ಬಿರುಕಿನೊಳಗೆ ಪಾದ ಸಿಕ್ಕಿಕೊಳ್ಳುತ್ತದೆ. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮೈದಾನ ಇದ್ದ ಕಡೆಯೂ ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಆಟದ ಪಿರಿಯಡ್ ‘ಸ್ಪೆಷಲ್ ಕ್ಲಾಸ್’ ಆಗುತ್ತದೆ. ಫಲಿತಾಂಶ ಕುಸಿದರೆ ನೋಟಿಸ್ ಬರುತ್ತದೆ, ಆಟ ನಿಂತರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಹೆಡ್‌ಮಾಸ್ಟರರನ್ನು ಮಾತ್ರ ದೂರಿ ಏನು ಪ್ರಯೋಜನ?

ಪಿ.ಟಿ. ಮಾಸ್ತರರಿಗೆ ಕಡತ, ಲೆಕ್ಕಪತ್ರ, ಪಾಠ ಪರಿಶೀಲನೆ ಗೊತ್ತಿರುವುದಿಲ್ಲ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಇತಿಹಾಸ ಕಲಿಸುವವರಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ತರಬೇತಿ ಕೊಡಿ, ಪರೀಕ್ಷೆ ಇಡಿ, ಪಾಸಾದವರನ್ನು ತೆಗೆದುಕೊಳ್ಳಿ. ಅಶೋಕನ ಹೆಸರು ಸ್ಪಷ್ಟವಾಗಿ ಕಂಡ, 1915ರಲ್ಲಿ ಸಿಕ್ಕ ಮಸ್ಕಿ ಶಾಸನವೂ ದೊಡ್ಡವರು ಮಾತ್ರ ಗುರಿ ಮುಟ್ಟುತ್ತಾರೆಂದು ತಿಳಿಯಬಾರದು ಎನ್ನುತ್ತದೆ. ಅದು ಧರ್ಮದ ಮಾತು, ಬಡ್ತಿಯದಲ್ಲ; ಆದರೂ ಇಲಾಖೆಯವರು ಒಮ್ಮೆ ಆ ಬಂಡೆಯ ಹತ್ತಿರ ಹೋಗಿ ಬರಬಹುದು.

ನಿಯಮ ಬದಲಾಗುವುದು ಬೆಂಗಳೂರಿನಲ್ಲಿ. ಅಲ್ಲಿಯವರೆಗೆ ಪಾಲಕರು ಮಾಡಬಹುದಾದದ್ದು ಒಂದಿದೆ: ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಫಲಿತಾಂಶ ಎಷ್ಟು ಎಂದು ಕೇಳಿದ ಮೇಲೆ, ಈ ತಿಂಗಳು ಆಟದ ಪಿರಿಯಡ್ ಎಷ್ಟು ನಡೆದವು ಎಂದೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.