ನರಸಾಪುರದ ಬಾಕಿ ಲೆಕ್ಕ

(ಭಾಗ 1/5)

ಬೆಳಗಿನ ಜಾವ ನಾಲ್ಕೂವರೆಗೆ ಮುಳಬಾಗಿಲು ಬಸ್‌ಸ್ಟ್ಯಾಂಡ್ ಹತ್ರ ಯಾವಾಗಾದ್ರೂ ನಿಂತಿದೀರಾ? ದೋಸೆ ಹೋಟೆಲ್‌ನೋರು ಇನ್ನೂ ಒಲೆ ಹಚ್ಚಿರಲ್ಲ, ಅಷ್ಟೊತ್ತಿಗೆ ಕಂಪನಿ ಬಸ್ ಬಂದು ನಿಂತಿರುತ್ತೆ. ಶ್ರೀನಿವಾಸಪುರ, ಮಾಲೂರು, ಕೋಲಾರ, ಎಲ್ಲಾ ಕಡೆ ಇದೇ ಸೀನ್. ಕೊರಳಲ್ಲಿ ಐಡಿ ಕಾರ್ಡ್, ಕೈಲಿ ಟಿಫನ್ ಬಾಕ್ಸ್, ಕಣ್ಣಲ್ಲಿ ನಿದ್ದೆ. ಅವರೆಲ್ಲ ನಮ್ಮ ಅಕ್ಕಂದಿರು, ಅಣ್ಣಂದಿರು, ಕಾಲೇಜಿನ ಸೀನಿಯರ್‌ಗಳು. ಮುಂದಿನ ವರ್ಷ ನಮ್ಮ ಕ್ಲಾಸಿನ ಅರ್ಧ ಜನ ಅದೇ ಬಸ್ಸಲ್ಲಿ ಇರ್ತಾರೆ. ನಾನೂ ಇರಬಹುದು.

ಹೋದ ಪೋಸ್ಟಿಗೆ ಒಬ್ರು ಕಮೆಂಟ್ ಹಾಕಿದ್ರು: "ಯೂನಿಯನ್, ಗಲಾಟೆ ಅಂತ ಶುರು ಮಾಡಿದ್ರೆ ಫಾರಿನ್ ಕಂಪನಿಗಳು ಓಡಿ ಹೋಗ್ತವೆ. ಆಮೇಲೆ ಕೆಲಸ ಯಾರು ಕೊಡ್ತಾರೆ?"

ಪ್ರಶ್ನೆ ತಪ್ಪಲ್ಲ, ನಮ್ಮಪ್ಪನೂ ಇದನ್ನೇ ಕೇಳ್ತಾರೆ. ಅದಕ್ಕೇ ಉತ್ತರ ಎರಡು ಸಾಲಲ್ಲಿ ಮುಗಿಸದೆ ಐದು ಭಾಗದಲ್ಲಿ ಬರೀತಿದೀನಿ. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

(ಭಾಗ 2/5)

2020ರ ಡಿಸೆಂಬರ್ 12, ಶನಿವಾರ. ನಾನಾಗ ಎಸ್ಸೆಸ್ಸೆಲ್ಸಿ, ಕೊರೊನಾ ಕಾಲ, ಸ್ಕೂಲು ಮುಚ್ಚಿತ್ತು. ಬೆಳಗ್ಗೆನೇ ವಾಟ್ಸಾಪಲ್ಲಿ ವಿಡಿಯೋ ಬಂತು. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಫ್ಯಾಕ್ಟರಿಯ ಗಾಜು ಪುಡಿ ಪುಡಿ, ಗಾಡಿಗೆ ಬೆಂಕಿ. ನೂರಕ್ಕೂ ಹೆಚ್ಚು ಜನರ ಬಂಧನ ಆಯ್ತು.

ಟಿವಿಯಲ್ಲಿ ಮೊದಲು ಬಂದಿದ್ದು ನಷ್ಟದ ಲೆಕ್ಕ. ಪೊಲೀಸ್ ದೂರಿನಲ್ಲಿ 437 ಕೋಟಿ ರೂಪಾಯಿ ಅಂತ ಇತ್ತು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನ್ ಷೇರುಪೇಟೆಗೆ ಕೊಟ್ಟ ಲೆಕ್ಕ 10ರಿಂದ 20 ಕೋಟಿ ತೈವಾನ್ ಡಾಲರ್, ಅಂದ್ರೆ ಸುಮಾರು 26ರಿಂದ 52 ಕೋಟಿ ರೂಪಾಯಿ. ಬಿಕಾಂ ಓದೋರು ಇಲ್ಲಿ ಒಂದು ನಿಮಿಷ ನಿಲ್ಲಿ. ಒಂದೇ ಘಟನೆ, ಎರಡು ಅಂಕಿ. ನಮ್ಮಲ್ಲಿ ಎಷ್ಟು ಜನರಿಗೆ ನೆನಪಿರೋದು ಮೊದಲನೆಯದು ಮಾತ್ರ?

ಕಾರ್ಮಿಕರ ಕಡೆ ಲೆಕ್ಕ ಏನಿತ್ತು? ಎಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ ಕರೆದು, ಅದು 16,000ಕ್ಕೆ, ಆಮೇಲೆ 12,000ಕ್ಕೆ ಇಳೀತು ಅನ್ನೋ ದೂರು ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಗೊತ್ತಾಗಿದ್ದು: ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಅಷ್ಟು ಜನರನ್ನ ನೋಡ್ಕೊಳ್ಳೋಕೆ ಎಚ್‌ಆರ್ ವಿಭಾಗ ಸಾಲದಾಗಿತ್ತು, ಹಾಜರಾತಿ ವ್ಯವಸ್ಥೆ ಕೆಟ್ಟಿತ್ತು. ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಡಿಸೆಂಬರ್ 19ಕ್ಕೆ ಆಪಲ್ ಕೂಡ ಒಪ್ಪಿಕೊಂಡಿತು: ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು. ಸರಿಪಡಿಸೋವರೆಗೂ ಹೊಸ ಕೆಲಸ ಕೊಡಲ್ಲ ಅಂತ ವಿಸ್ಟ್ರಾನ್‌ನ ಪ್ರೊಬೇಷನ್‌ಗೆ ಹಾಕಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ಉಸ್ತುವಾರಿ ನೋಡ್ತಿದ್ದ ಉಪಾಧ್ಯಕ್ಷರನ್ನೇ ತೆಗೆಯಿತು.

(ಭಾಗ 3/5)

ಗಾಜು ಒಡೆದಿದ್ದು ಸರೀನಾ? ಖಂಡಿತ ಅಲ್ಲ. ಒಡೆದವರು ಯಾರೋ, ಕೆಲಸ ಕಳ್ಕೊಂಡು ಕೇಸಿಗೆ ಅಲೆದವರು ನಮ್ಮೂರ ಹುಡುಗರು. ಫ್ಯಾಕ್ಟರಿ ವಾರಗಟ್ಟಲೆ ನಿಂತಾಗ ಯಾವ ತಪ್ಪೂ ಮಾಡದವರೂ ಮನೇಲಿ ಕೂತರು.

ಆದ್ರೆ ಫಸ್ಟ್ ಸೆಮ್ ಅಕೌಂಟಿಂಗಲ್ಲಿ ನಾವು ಕಲಿತಿದ್ದೇನು? ಕೊಡಬೇಕಾದ ಸಂಬಳ ಕೊಡದೆ ಉಳಿದರೆ ಅದು ಕಂಪನಿಯ ಲಾಭ ಅಲ್ಲ, ಸಾಲ. ಬ್ಯಾಲೆನ್ಸ್ ಶೀಟಲ್ಲಿ ಲಯಬಿಲಿಟಿ ಕಡೆ ಬರುತ್ತೆ. ಬ್ಯಾಂಕಿನ ಸಾಲ ತಪ್ಪಿದ್ರೆ ಮಾರನೇ ದಿನ ಫೋನ್ ಬರುತ್ತೆ. ಕೆಲಸಗಾರರಿಗೆ ಇರೋ ಸಾಲ ತಪ್ಪಿದ್ರೆ ಮಾತ್ರ "ಸಿಸ್ಟಮ್ ಪ್ರಾಬ್ಲಮ್" ಅಂತಾರೆ. ಎರಡು ತಿಂಗಳು ಮರ್ಯಾದೆಯಿಂದ ಕೇಳೋಕೆ ಒಂದು ಜಾಗ ಇಲ್ಲದಿದ್ರೆ, ಮೂರನೇ ತಿಂಗಳು ಜನ ಹೇಗೆ ಕೇಳ್ತಾರೆ ಅನ್ನೋದು ಯಾರ ಕೈಲೂ ಇರಲ್ಲ. ಯೂನಿಯನ್ ಅನ್ನೋದು ಆ ಕೇಳೋ ಜಾಗ. ಅದು ಇದ್ದಿದ್ರಿಂದ ಅಲ್ಲ, ಇಲ್ಲದಿದ್ದರಿಂದ ಅವತ್ತು ಹಾಗಾಯ್ತು ಅನ್ನೋದು ನನ್ನ ಅಭಿಪ್ರಾಯ.

(ಭಾಗ 4/5)

"ಕಂಪನಿ ಓಡಿ ಹೋಗುತ್ತೆ" ಅನ್ನೋದನ್ನೇ ನೋಡೋಣ.

ವಿದೇಶಿ ಬಂಡವಾಳ ನಮ್ಮ ಸೀಮೆಗೆ ಹೊಸದಲ್ಲ. ಕೆಜಿಎಫ್‌ನಲ್ಲಿ 1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯದ್ದೇ ಕಾರುಬಾರು. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಬೇಕು ಅನ್ನೋ ನಿಯಮದ ವಿರುದ್ಧ ಗಣಿ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಮಾಡಿದ್ರು. ಕಂಪನಿ ಹೋಯ್ತಾ? ಇಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ವಹಿಸಿಕೊಳ್ಳೋವರೆಗೂ ಇತ್ತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮುಷ್ಕರಕ್ಕಲ್ಲ, ಚಿನ್ನ ತೆಗೆಯೋ ಖರ್ಚು ಗಿಟ್ಟದೆ ಹೋಗಿದ್ದಕ್ಕೆ.

ಇದೇ ಚೆನ್ನೈ ಹೈವೇ ಹಿಡಿದು ಹೋದ್ರೆ ಶ್ರೀಪೆರಂಬದೂರು. ಅಲ್ಲಿ 2021ರ ಡಿಸೆಂಬರಲ್ಲಿ ಹಾಸ್ಟೆಲ್ ಊಟ ತಿಂದು ಹುಷಾರು ತಪ್ಪಿದ ಮೇಲೆ ಫಾಕ್ಸ್‌ಕಾನ್ ಹೆಣ್ಣುಮಕ್ಕಳು ಹೈವೇ ತಡೆದ್ರು. 2024ರಲ್ಲಿ ಸ್ಯಾಮ್‌ಸಂಗ್ ಕಾರ್ಮಿಕರು ಯೂನಿಯನ್‌ಗೋಸ್ಕರ ಒಂದು ತಿಂಗಳಿಗೂ ಹೆಚ್ಚು ಮುಷ್ಕರ ಕೂತ್ರು. ಎರಡೂ ಕಂಪನಿ ಅಲ್ಲೇ ಇವೆ. ನರಸಾಪುರದ ಫ್ಯಾಕ್ಟರಿಯನ್ನ 2023ರಲ್ಲಿ ಟಾಟಾ 12.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹಾಳಾದ ಜಾಗಕ್ಕೆ ಯಾರಾದ್ರೂ ಅಷ್ಟು ದುಡ್ಡು ಹಾಕ್ತಾರಾ?

ಹಾಗಂತ ಸರ್ಕಾರಗಳ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. ತಮಿಳುನಾಡು, ಆಂಧ್ರ, ನಾವು, ಎಲ್ಲರೂ ಒಂದೇ ಕಂಪನಿಯನ್ನ ಕರೀತಿದೀವಿ. ಆದ್ರೆ ಕರೆಯೋಕೆ ಕೊಡೋದೇನು? ಭೂಮಿ, ನೀರು, ರಸ್ತೆ ಕೊಡಲಿ. ನಮ್ಮ ಗಂಟೆಗಳನ್ನ ಯಾಕೆ ಕೊಡ್ತಾರೆ? 2020ರ ಮೇನಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ರಾಜ್ಯ ಸರ್ಕಾರ ಆದೇಶ ಮಾಡ್ತು, ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನಲ್ಲಿ ವಾಪಸ್ ತಗೊಂಡಿತು. 2023ರಲ್ಲಿ ಕಾಯ್ದೆಯನ್ನೇ ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅಂತ ಮಾಡಿದ್ರು. 12 ಗಂಟೆ ಶಿಫ್ಟ್, ಮೇಲೆ ಶ್ರೀನಿವಾಸಪುರದಿಂದ ಬಸ್ಸಲ್ಲಿ ಹೋಗಿ ಬರೋದು. ನಿದ್ದೆಗೆ ಎಷ್ಟು ಉಳೀತು? ನೀವೇ ಕೂಡಿ ಕಳೀರಿ.

(ಭಾಗ 5/5)

ಈಗ ಕೆಲಸಕ್ಕೆ ಬರೋ ಮಾತು.

ನಮ್ಮ ದೊಡ್ಡಮ್ಮನ ಮಗಳು ಏಜೆನ್ಸಿ ಮೂಲಕ ಒಂದು ಫ್ಯಾಕ್ಟರಿಗೆ ಹೋಗ್ತಾಳೆ. ಹೆಸರು ಬೇಡ. ಒಂದು ತಿಂಗಳು 26 ಗಂಟೆ ಓಟಿ ಮಾಡಿದ್ಲು, ಸ್ಲಿಪ್ಪಲ್ಲಿ ಬಂದಿದ್ದು 18. ಕೇಳಿದ್ರೆ "ಸಿಸ್ಟಮಲ್ಲಿ ಅಷ್ಟೇ ಇರೋದಮ್ಮ" ಅಂದ್ರಂತೆ. ಆದ್ರೆ ಅವಳು ಮನೇಲಿದ್ದ ಹಳೇ ಹಾಲಿನ ಡೈರಿ ಪುಸ್ತಕದ ಹಿಂದೆ ದಿನಾ ಬರೆದಿಟ್ಟಿದ್ಲು: ಒಳಗೆ ಹೋಗಿದ್ದು ಎಷ್ಟಕ್ಕೆ, ಹೊರಗೆ ಬಂದಿದ್ದು ಎಷ್ಟಕ್ಕೆ. ಜೊತೆಗೆ ಮೂರು ಜನರನ್ನ ಕರ್ಕೊಂಡು ಎಚ್‌ಆರ್ ಹತ್ರ ಹೋಗಿ ತೋರಿಸಿದ್ಲು. ಮುಂದಿನ ತಿಂಗಳು ಎಂಟು ಗಂಟೆ ದುಡ್ಡು ಬಂತು. ಬರೆದಿಡದೆ ಇದ್ದ ಅವಳ ಫ್ರೆಂಡಿಗೆ ಬರಲಿಲ್ಲ.

ನಮ್ಮ ಅಮ್ಮಂದಿರು ಹಾಲಿನ ಲೆಕ್ಕದಲ್ಲಿ ಅರ್ಧ ಲೀಟರ್ ಕಮ್ಮಿ ಆದ್ರೂ ಡೈರಿ ಸೆಕ್ರೆಟರಿನ ಬಿಡಲ್ಲ. ನಾವು ಡಿಗ್ರಿ ಓದಿ ಸಂಬಳದ ಸ್ಲಿಪ್ ತೆಗೆದು ನೋಡಲ್ಲ!

ಅದಕ್ಕೇ ಸೇವ್ ಮಾಡಿಟ್ಕೊಳ್ಳಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರೋ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಓಟಿಗೆ ಎರಡು ಪಟ್ಟು. ಏಜೆನ್ಸಿ ಕೊಡದಿದ್ರೆ ಕಂಪನಿಯೇ ಕೊಡಬೇಕು. ಈ ಕೊನೇ ಮಾತು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಅಂದ್ರೆ ನರಸಾಪುರದ ಆ ಶನಿವಾರವೂ ಇತ್ತು. ನೆನಪಿಸೋರು ಇರಲಿಲ್ಲ ಅಷ್ಟೇ.

ಕಂಪನಿಗಳು ಬರಲಿ. ನಮಗೆ ಬೇಕು. ಕೆರೆ ಬತ್ತಿದ, ಬೋರ್‌ವೆಲ್ ಕೈಕೊಟ್ಟ ಊರಿನವರು ನಾವು, ಕೆಲಸದ ಬೆಲೆ ನಮಗೆ ಯಾರೂ ಹೇಳ್ಕೊಡಬೇಕಿಲ್ಲ. ಆದ್ರೆ ಕರೆಯೋ ಭರದಲ್ಲಿ ನಮ್ಮನ್ನ ಅಗ್ಗಕ್ಕೆ ಮಾರಬೇಡಿ ಅಂತ ಹೇಳೋದು ಹೂಡಿಕೆ ವಿರೋಧ ಅಲ್ಲ.

ಪ್ಲೇಸ್‌ಮೆಂಟ್ ಡ್ರೈವ್‌ಗೆ ಏಜೆನ್ಸಿಯವರು ಬಂದಾಗ ಹಿಂದಿನ ಬೆಂಚಿಂದ ಒಂದೇ ಪ್ರಶ್ನೆ ಕೇಳಿ: "ಸರ್, ಸಂಬಳ ಹಾಕೋದು ಯಾರು, ತಪ್ಪಿದ್ರೆ ಯಾರನ್ನ ಕೇಳಬೇಕು?" ನಾನು ಮುಂದಿನ ಬೆಂಚಲ್ಲಿ ಕೂತು ಅದೇ ಕೇಳ್ತಿರ್ತೀನಿ.

ನಿಮ್ಮ ಮನೇಲಿ ಯಾರಾದ್ರೂ ಕಂಪನಿ ಬಸ್ ಹತ್ತೋರಿದ್ರೆ ಇದನ್ನ ಕಳಿಸಿ. ಒಪ್ಪಲ್ಲ ಅನ್ನೋರು ಕಮೆಂಟಲ್ಲಿ ಬನ್ನಿ, ಲೆಕ್ಕದ ಸಮೇತ.

#ನಮ್ಮಕೋಲಾರ #ನರಸಾಪುರ #ಬಿಕಾಂಲೆಕ್ಕ